ಐದನೆಯ ಋತುವಿನ ಕಳ್ಳ

ಬ್ಯಾಟ್‌ಮ್ಯಾನ್‌ನ ಶತ್ರುಗಳೆಂದರೆ ಜೋಕರ್, ಪೆಂಗ್ವಿನ್, ರಿಡ್ಲರ್ ನೆನಪಾಗುತ್ತಾರೆಯೇ ಹೊರತು ಕ್ಯಾಲೆಂಡರ್ ಮ್ಯಾನ್‌ನನ್ನು ನೆನೆಯುವವರು ಕಾಮಿಕ್ಸ್ ಓದುಗರಲ್ಲೂ ಕಡಿಮೆ. ನನಗೆ ಮಾತ್ರ ಈ ಸಣ್ಣ ಖಳನ ಮೇಲೆ ಬಹುಕಾಲದ ಪ್ರೀತಿ. 1958ರ ಸೆಪ್ಟೆಂಬರ್ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ 259ನೆಯ ಸಂಚಿಕೆಯಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ಈತ, ಐದು ದಿನಗಳಲ್ಲಿ ಐದು ಅಪರಾಧಗಳನ್ನು ಮಾಡುವುದಾಗಿಯೂ ಪ್ರತಿಯೊಂದೂ ಒಂದೊಂದು ಋತುವಿಗೆ ಸಂಬಂಧಿಸಿರುವುದಾಗಿಯೂ ಮೊದಲೇ ಸಾರಿ, ಸಾಧ್ಯವಾದರೆ ತನ್ನ ನಿಜರೂಪವನ್ನು ಪತ್ತೆಮಾಡುವಂತೆ ಬ್ಯಾಟ್‌ಮ್ಯಾನ್‌ಗೆ ಸವಾಲು ಹಾಕುತ್ತಾನೆ. ಋತು ಬದಲಾದಂತೆ ಅವನ ವೇಷವೂ ಬದಲಾಗುತ್ತದೆ. ಅಮೆರಿಕದವರ ಲೆಕ್ಕದಲ್ಲಿ ಋತುಗಳು ನಾಲ್ಕೇ ಆದ್ದರಿಂದ, ಐದನೆಯದು ಯಾವುದು ಎಂಬುದೇ ಇಡೀ ಕಥೆಯ ಒಗಟು.

ಕಳೆದ ವರ್ಷ ಆಷಾಢದಲ್ಲಿ ತೀರ್ಥಹಳ್ಳಿಯ ಅಕ್ಕನ ಮನೆಯಲ್ಲಿದ್ದಾಗ ಈ ಕಥೆಯನ್ನು ಅವಳ ಮಗನೊಂದಿಗೆ ಕುಳಿತು ಓದಿದೆ. ಹುಡುಗ ಆಗ ಒಂಬತ್ತನೆಯ ತರಗತಿಯಲ್ಲಿದ್ದ. ಹಿಂದಿನ ರಾತ್ರಿಯಿಂದ ಹಿಡಿದ ಜಡಿಮಳೆ ಬೆಳಗಾದರೂ ಬಿಟ್ಟಿರಲಿಲ್ಲ, ಶಾಲೆಗೆ ರಜೆ ಘೋಷಿಸಿದ್ದರು, ಕರೆಂಟೂ ಇರಲಿಲ್ಲ. ಹೆಂಚಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸದಿದ್ದುದರಿಂದ, ನನ್ನ ಟ್ಯಾಬ್‌ನಲ್ಲಿ ಉಳಿದಿದ್ದ ಚಾರ್ಜನ್ನು ನಂಬಿ ಇಬ್ಬರೂ ಒಂದೇ ಕಂಬಳಿ ಹೊದ್ದು ತಲೆಗೆ ತಲೆ ತಾಗಿಸಿ ಓದಬೇಕಾಯಿತು. ನಾಲ್ಕು ಋತುಗಳ ಅಪರಾಧಗಳು ಮುಗಿದ ಮೇಲೆ ಪುಟ ತಿರುಗಿಸದೆ, ಐದನೆಯದು ಯಾವುದಿರಬಹುದು ಹೇಳು ಎಂದು ಕೇಳಿದೆ.

‘ಇದೇನು ಮಾವ, ಮಳೆಗಾಲ ಅಲ್ವಾ?’ ಎಂದ, ಕ್ಷಣವೂ ಯೋಚಿಸದೆ.

ಉತ್ತರ ಅದೇ. ಬ್ಯಾಟ್‌ಮ್ಯಾನ್‌ನ ಊರಾದ ಗೋಥಮ್ ನಗರದ ರಂಗಮಂದಿರದಲ್ಲಿ ‘ಮಹಾರಾಜ’ ಎಂಬ ಹೆಸರಿನಿಂದ ಪ್ರದರ್ಶನ ನೀಡುತ್ತಿದ್ದ ಜಾದೂಗಾರನೇ ಕ್ಯಾಲೆಂಡರ್ ಮ್ಯಾನ್. ಐದನೆಯ ಋತುವೆಂದರೆ ಭಾರತದ ಮಾನ್ಸೂನ್ ಎಂದು ಹೊಳೆದಾಗಲೇ ಬ್ಯಾಟ್‌ಮ್ಯಾನ್‌ಗೆ ಆ ಜಾದೂಗಾರನ ಗುಟ್ಟು ತಿಳಿಯುತ್ತದೆ. ಮಹಾಪತ್ತೇದಾರನೇ ತಲೆಕೆಡಿಸಿಕೊಂಡ ಪ್ರಶ್ನೆಗೆ ಮಲೆನಾಡಿನ ಹುಡುಗನೊಬ್ಬ ಕಂಬಳಿಯೊಳಗಿಂದಲೇ ಉತ್ತರ ಹೇಳಿದ್ದು ನನಗೆ ಎಷ್ಟು ಸಂತೋಷ ಕೊಟ್ಟಿತೆಂದರೆ, ಅಡುಗೆಮನೆಗೆ ಎದ್ದುಹೋಗಿ ಅಕ್ಕನಿಗೂ ಆ ಕಥೆ ಹೇಳಿದೆ. ಅವಳು ಒಲೆಯ ಮುಂದಿನಿಂದಲೇ, ‘ಮಳೆಗಾಲಕ್ಕೆಲ್ಲ ಸೇರಿ ಒಂದೇ ಕಳ್ಳತನವೇನೋ? ಆರಿದ್ರೆಗೊಂದು, ಪುನರ್ವಸುವಿಗೊಂದು, ಪುಷ್ಯಕ್ಕೊಂದು ಅಂತ ಮಾಡಬಹುದಿತ್ತಲ್ಲ’ ಎಂದಳು. ಇದನ್ನು ಕೇಳಿಸಿಕೊಂಡ ಹುಡುಗ, ನಮ್ಮಲ್ಲಿ ಆರು ಋತುಗಳಿರುವುದರಿಂದ ಆರನೆಯ ಅಪರಾಧವೂ ಇರಲೇಬೇಕಿತ್ತು, ಚಳಿಗಾಲವನ್ನು ಹೇಮಂತ ಮತ್ತು ಶಿಶಿರ ಎಂದು ಒಡೆದಿದ್ದರೆ ಬ್ಯಾಟ್‌ಮ್ಯಾನ್‌ಗೆ ಸುಳಿವೇ ಸಿಗುತ್ತಿರಲಿಲ್ಲ ಎಂದು ವಾದಕ್ಕೆ ನಿಂತ.

ಈ ಖಳನಲ್ಲಿ ನನಗೆ ಹಿಡಿಸುವುದೂ ಅದೇ: ಅವನ ಸಂಚಿಗೆ ಅವನೇ ಹಾಕಿಕೊಂಡ ಒಂದು ನಿಯಮವಿದೆ, ಆ ನಿಯಮವನ್ನು ಓದುಗನ ಮುಂದೆ ತೆರೆದಿಟ್ಟಿರುವುದರಿಂದ ಓದುಗನೂ ಪತ್ತೇದಾರನಿಗೆ ಸರಿಸಮನಾಗಿ ಯೋಚಿಸಬಹುದು. ಇದಕ್ಕೆ ಆ ಕಾಲದ ಕಾರಣವೂ ಇತ್ತು. 1954ರಲ್ಲಿ ಅಮೆರಿಕದ ಪ್ರಕಾಶಕರು ಕಾಮಿಕ್ಸ್ ಕೋಡ್ ಎಂಬ ಕಟ್ಟುಪಾಡನ್ನು ಒಪ್ಪಿಕೊಂಡ ಮೇಲೆ ರಕ್ತಪಾತ, ಕ್ರೌರ್ಯಗಳಿಗೆ ಕಡಿವಾಣ ಬಿದ್ದು, ಖಳರು ವೇಷ, ಒಗಟು, ಉಪಾಯಗಳಿಂದಲೇ ಬದುಕಬೇಕಾಯಿತು. ಕಥೆ ಬರೆದವರು ಬಿಲ್ ಫಿಂಗರ್, ಚಿತ್ರ ಬರೆದವರು ಶೆಲ್ಡನ್ ಮೋಲ್ಡಾಫ್. ಆಗ ಇಬ್ಬರ ಹೆಸರೂ ಅಚ್ಚಾಗದೆ, ಬ್ಯಾಟ್‌ಮ್ಯಾನ್‌ನ ಸೃಷ್ಟಿಕರ್ತರೆನಿಸಿಕೊಂಡ ಬಾಬ್ ಕೇನ್ ಹೆಸರೊಂದೇ ಮೆರೆಯುತ್ತಿತ್ತು. ಬ್ಯಾಟ್‌ಮ್ಯಾನ್‌ನ ಸೃಷ್ಟಿಯಲ್ಲಿ ಫಿಂಗರ್ ಅವರ ಪಾಲನ್ನು ಪ್ರಕಾಶಕರು ಅಧಿಕೃತವಾಗಿ ಒಪ್ಪಿಕೊಂಡದ್ದು 2015ರಲ್ಲಿ, ಅವರು ತೀರಿಕೊಂಡು ನಾಲ್ಕು ದಶಕಗಳಾದ ಮೇಲೆ. ಈ ಅನ್ಯಾಯ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹುಡುಗನಿಗೆ ಇಬ್ಬರ ಹೆಸರನ್ನೂ ಒತ್ತಿ ಹೇಳಿದೆ.

ಮಧ್ಯಾಹ್ನ ಕರೆಂಟು ಬಂದ ಮೇಲೆ ಮುಂದಿನ ಕಥೆಗಳಿಗೆ ಹೋದೆವು. 1979ರಲ್ಲಿ ಕಥೆಗಾರ ಲೆನ್ ವೀನ್ ಮತ್ತು ಚಿತ್ರಕಾರ ವಾಲ್ಟ್ ಸೈಮನ್‌ಸನ್ ಕ್ಯಾಲೆಂಡರ್ ಮ್ಯಾನ್‌ನನ್ನು ಮತ್ತೆ ಕರೆತಂದು ವಾರದ ದಿನಗಳ ಮೇಲೆ ಅಪರಾಧಗಳನ್ನು ಹೆಣೆಸಿದರು. ಜೂಲಿಯನ್ ಡೇ ಎಂಬ ನಿಜನಾಮ ದೊರೆತದ್ದೂ ಮೊದಲ ಕಥೆಯ ನಂತರವೇ. 1996ರಲ್ಲಿ ಆರಂಭವಾದ ‘ದಿ ಲಾಂಗ್ ಹ್ಯಾಲೋವೀನ್’ನಲ್ಲಿ ಅವನು ಬೇರೆಯೇ ಮನುಷ್ಯ: ಆರ್ಕಮ್ ಹುಚ್ಚಾಸ್ಪತ್ರೆಯ ಕೋಣೆ, ಬೋಳಿಸಿದ ತಲೆ, ತಲೆಯ ಸುತ್ತ ತಿಂಗಳುಗಳ ಹೆಸರಿನ ಹಚ್ಚೆ. ಹಬ್ಬದ ದಿನಗಳಲ್ಲಿ ನಡೆಯುತ್ತಿರುವ ಕೊಲೆಗಳ ಬಗ್ಗೆ ಬ್ಯಾಟ್‌ಮ್ಯಾನ್ ಅವನನ್ನು ವಿಚಾರಿಸಲು ಬರುತ್ತಾನೆ. 2011ರ ‘ಆರ್ಕಮ್ ಸಿಟಿ’ ವಿಡಿಯೋ ಗೇಮ್‌ನಲ್ಲಂತೂ ವರ್ಷದ ಹನ್ನೆರಡು ವಿಶೇಷ ದಿನಗಳಂದು ಅವನ ಸೆರೆಕೋಣೆಗೆ ಹೋದರೆ ಮಾತ್ರ ಅಂದಂದಿನ ಕೊಲೆಯ ಕಥೆಯನ್ನು ಅವನು ಹೇಳುತ್ತಾನೆ. ಗೇಮ್ ಆಡುವ ಯಂತ್ರದಲ್ಲಿನ ದಿನಾಂಕವನ್ನು ನೋಡಿ ಬಾಯಿಬಿಡುವ ಖಳನ ಕಲ್ಪನೆ ಅದ್ಭುತವೆಂದು ಒಪ್ಪುತ್ತೇನೆ. ಆದರೂ ಕೊಲೆಗಾರನಾದ ಮೇಲೆ ಅವನು ಭಯ ಹುಟ್ಟಿಸುತ್ತಾನೆಯೇ ಹೊರತು, ನಮ್ಮೊಂದಿಗೆ ಆಟಕ್ಕೆ ಕೂರುವುದಿಲ್ಲ.

ಹುಡುಗ ಇದನ್ನು ಒಪ್ಪಲಿಲ್ಲ. ವೇಷವಿಲ್ಲದೆ, ಕೂತಲ್ಲಿಂದಲೇ ಹೆದರಿಸುವವನೇ ದೊಡ್ಡ ಖಳ ಎಂಬುದು ಅವನ ಅಭಿಪ್ರಾಯ. ಹಾಗೆ ಹೇಳುತ್ತಲೇ, ಶಿಶಿರ ಋತುವಿನಲ್ಲಿ ಗೋಥಮ್‌ನಲ್ಲಿ ಏನನ್ನು ಕದಿಯಬಹುದು, ಅದಕ್ಕೆ ಎಂಥ ವೇಷ ಬೇಕು ಎಂದು ಶಾಲೆಯ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಯತೊಡಗಿದ.