ಅಷ್ಟೆಲ್ಲ ಹೆಂಗೆ ನೆನಪಿಟ್ಕೋತೀರಾ? ಕ್ವಿಜ್ ಆಡೋರಿಗೆ ಎಲ್ರೂ ಕೇಳೋ ಪ್ರಶ್ನೆ

ನಾನು ಕ್ವಿಜ್ ಆಡ್ತೀನಿ ಅಂತ ಗೊತ್ತಾದ ತಕ್ಷಣ ನೆಂಟರು, ಆಫೀಸಿನವರು, ಮಗಳ ಸ್ಕೂಲ್ ಹತ್ರ ಸಿಗೋ ಅಪ್ಪ ಅಮ್ಮಂದಿರು, ಎಲ್ರೂ ಕೇಳೋದು ಒಂದೇ. ಅಷ್ಟೆಲ್ಲ ಹೆಂಗೆ ನೆನಪಿಟ್ಕೋತೀರಾ, ಯಾವ ಪುಸ್ತಕ ಓದ್ತೀರಾ, ನಮ್ ಹುಡುಗನಿಗೂ ಒಂದು ಹೇಳಿ. ಸಿಕ್ಕಿದ ಕಡೆ ನಿಂತ್ಕೊಂಡು ಅರ್ಧಂಬರ್ಧ ಹೇಳಿ ಬರೋ ಬದ್ಲು ಇಲ್ಲಿ ಪೂರ್ತಿ ಬರೀತಿದೀನಿ. ನನ್ನ ಉತ್ತರ ಇಷ್ಟು: ಒಳ್ಳೆ ಕ್ವಿಜ್‌ನಲ್ಲಿ ನೆನಪಿನ ಕೆಲಸ ಕಮ್ಮಿ, ಯೋಚನೆ ಮಾಡಿ ಉತ್ತರ ಹತ್ರ ಹೋಗೋದೇ ಜಾಸ್ತಿ, ಮತ್ತೆ ಆ ದಾರೀಲಿ ನಮಗೆ ಎಲ್ಲರಿಗಿಂತ ಹೆಚ್ಚು ಸಹಾಯ ಮಾಡೋದು ಎದುರು ಟೀಮಿನವರು.

ಒಂದು ಪ್ರಶ್ನೆ ತಗೊಳ್ಳೋಣ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ಕರೆಂಟ್ ತಯಾರು ಮಾಡಿದ್ರು. ಮೈಸೂರು ಪಕ್ಕದಲ್ಲೇ ಇದೆ, ಬೆಂಗಳೂರೂ ಅಷ್ಟೇನ್ ದೂರ ಇಲ್ಲ, ಆದ್ರೂ ಮೊದಲು ಕರೆಂಟ್ ಹೋಗಿದ್ದು ನೂರು ಕಿಲೋಮೀಟರಿಗಿಂತ ಆಚೆ ಇರೋ ಇನ್ನೊಂದು ಜಾಗಕ್ಕೆ. ಎಲ್ಲಿಗೆ? ಇದನ್ನ ಯಾರೂ ಬಾಯಿಪಾಠ ಮಾಡಿರಲ್ಲ. ಮೊದಲನೇ ಟೀಮು ಮದ್ರಾಸ್ ಅಂತು, ತಪ್ಪು. ಎರಡನೇವ್ರು ಊಟಿ, ಬ್ರಿಟಿಷರು ಬೇಸಿಗೆಗೆ ಅಲ್ಲಿಗೆ ಹೋಗ್ತಿದ್ರಲ್ಲ ಅಂತ, ಅದೂ ತಪ್ಪು. ಅವರಿಬ್ಬರ ತಪ್ಪಿಂದ ನಮಗೊಂದು ದಾರಿ ಕಾಣತ್ತೆ. ದೊಡ್ಡ ಊರಲ್ಲ, ಸಾಹೇಬರ ಬಂಗಲೆಗಳಿಗೂ ಅಲ್ಲ. ಹಂಗಾದ್ರೆ ಆ ಕಾಲದಲ್ಲಿ ಅಷ್ಟೊಂದು ಕರೆಂಟ್ ಯಾರಿಗೆ ಬೇಕಿತ್ತು, ಅದಕ್ಕೆ ದುಡ್ಡು ಕೊಡೋ ತಾಕತ್ತು ಯಾರಿಗಿತ್ತು? ನೆಲದಡಿ ಆಳಕ್ಕೆ ಹೋಗಿ ನೀರು ಎತ್ತಬೇಕು, ಕಲ್ಲು ಪುಡಿ ಮಾಡ್ಬೇಕು, ಸೌದೆ ಕಲ್ಲಿದ್ದಲು ತರಿಸಿ ಸಾಕಾಗಿರತ್ತೆ... ಕೋಲಾರದ ಚಿನ್ನದ ಗಣಿ! ಸರಿ ಉತ್ತರ. ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದಿದ್ದು 1905ರಲ್ಲಿ, ಅಂದ್ರೆ ಗಣಿ ಆದ್ಮೇಲೆ. ಉತ್ತರ ಸಿಕ್ಕಿದ ಕ್ಷಣ ನಮ್ ಟೇಬಲ್ ಮೇಲೆ ಎಷ್ಟು ಖುಷಿ ಇರತ್ತೋ, ಮದ್ರಾಸ್ ಅಂದ ಟೀಮಿನ ಮುಖದಲ್ಲೂ ಅಷ್ಟೇ ಇರತ್ತೆ, ಯಾಕಂದ್ರೆ ಉತ್ತರ ಕೇಳಿದ ಕೂಡ್ಲೇ ಎಲ್ರಿಗೂ "ಹೌದಲ್ವಾ, ಹಂಗೇ ಇರ್ಬೇಕು" ಅನ್ಸತ್ತೆ. ಕ್ವಿಜ್ ಆಡೋರು ಇದನ್ನ ವರ್ಕೌಟ್ ಆಗೋ ಪ್ರಶ್ನೆ ಅಂತಾರೆ. ಅದರ ಹಿಂದಿರೋ ಕಥೆಗೆ ಫಂಡಾ ಅಂತ ಹೆಸರು, ಫಂಡಾ ಚೆನ್ನಾಗಿದ್ರೆ ಪಾಯಿಂಟ್ ಹೋದ್ರೂ ಬೇಜಾರಾಗಲ್ಲ.

ಎದುರು ಟೀಮಿನ ತಪ್ಪು ನಮಗೆ ಕ್ಲೂ ಆಗೋ ಹಾಗೆ ಆಟದ ರೂಲ್ಸೇ ಇದಾವೆ. ಹಳೇ ಕಾಲದ ಕ್ವಿಜ್‌ನಲ್ಲಿ ಪ್ರತಿ ಟೀಮಿಗೂ ಅವರವರ ಪ್ರಶ್ನೆ, ಗೊತ್ತಿಲ್ಲ ಅಂದ್ರೆ ಪಕ್ಕಕ್ಕೆ ಪಾಸು, ಸುಲಭದ ಪ್ರಶ್ನೆ ಯಾರ ಪಾಲಿಗೆ ಬರತ್ತೋ ಅವರ ಅದೃಷ್ಟ. ಈಗ ಬೌನ್ಸ್ ಅಂತಾರೆ. ಪ್ರಶ್ನೆ ಉತ್ತರ ಸಿಗೋವರೆಗೂ ಸಾಲಾಗಿ ಸುತ್ತತ್ತೆ, ಯಾರು ಸರಿ ಹೇಳ್ತಾರೋ ಅವರ ಪಕ್ಕದ ಟೀಮಿಂದ ಮುಂದಿನ ಪ್ರಶ್ನೆ ಶುರು, ಅರ್ಧ ಆಟ ಆದ್ಮೇಲೆ ದಿಕ್ಕು ಉಲ್ಟಾ ತಿರುಗತ್ತೆ. ಇದರ ಜೊತೆ ಪೌನ್ಸ್ ಅಂತ ಇನ್ನೊಂದಿದೆ, ಪ್ರಶ್ನೆ ಸುತ್ತೋಕೆ ಮುಂಚೆನೇ ಧೈರ್ಯ ಇದ್ದವರು ಚೀಟಿ ಮೇಲೆ ಉತ್ತರ ಬರ್ದು ಕ್ವಿಜ್ ಮಾಸ್ಟರ್‌ಗೆ ತೋರಿಸ್ಬಹುದು, ಸರಿಯಾದ್ರೆ ಪಾಯಿಂಟು, ತಪ್ಪಾದ್ರೆ ಮೈನಸ್. ಪೌನ್ಸ್ ಬಂದ್ಮೇಲೆ ಆಟದ ರುಚಿನೇ ಬೇರೆ ಆಯ್ತು ಅಂತ ನನಗನ್ಸತ್ತೆ, ಯಾಕಂದ್ರೆ ಈಗ ನೋಡ್ಬೇಕಾಗಿರೋದು ಉತ್ತರ ಗೊತ್ತಾ ಅಂತ ಮಾತ್ರ ಅಲ್ಲ, ಎಷ್ಟು ಗ್ಯಾರಂಟಿಯಾಗಿ ಗೊತ್ತು ಅಂತನೂ. ಯಾವತ್ತೂ ಚೀಟಿ ಎತ್ತದೆ ಇರೋ ಟೀಮು ಪೆನ್ ಮುಚ್ಚಳ ತೆಗೆದ್ರೆ ಉಳಿದವರಿಗೆಲ್ಲ ಗೊತ್ತಾಗೋಗತ್ತೆ, ಓ ಇದು ಅವರ ಏರಿಯಾದ್ದು, ಬಹುಶಃ ರೈಲು ಇಲ್ಲಾ ಕ್ರಿಕೆಟ್ಟು. ವರ್ಷಗಟ್ಟಲೆ ಎದುರುಬದುರು ಕೂತು ಆಡಿದ್ರೆ ಎದುರಿನವರ ತಲೆ ಹೆಂಗೆ ಓಡತ್ತೆ ಅನ್ನೋದು ನಮ್ ಮನೆಯವರದ್ದಕ್ಕಿಂತ ಚೆನ್ನಾಗಿ ಗೊತ್ತಿರತ್ತೆ.

ಈ ಹುಚ್ಚು ನಮ್ಮಲ್ಲಿ ಇವತ್ತು ನಿನ್ನೇದಲ್ಲ. ಕೋಲ್ಕತ್ತಾದಲ್ಲಿ ನೀಲ್ ಓಬ್ರಿಯನ್ 1967ರಲ್ಲೇ ಚರ್ಚ್ ಒಂದರ ಹಾಲ್‌ನಲ್ಲಿ ಎಲ್ರಿಗೂ ಓಪನ್ ಆಗಿರೋ ಕ್ವಿಜ್ ನಡೆಸಿದ್ರು. ಬೆಂಗಳೂರಲ್ಲಿ ವಿಂಗ್ ಕಮಾಂಡರ್ ಜಿ. ಆರ್. ಮುಲ್ಕಿ ಅವರು 1983ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಶುರು ಮಾಡಿದ್ರು, ಎಲ್ರೂ ಕೆಕ್ಯೂಎ ಅಂತಲೇ ಕರೆಯೋದು. 1985ರಲ್ಲಿ ದೂರದರ್ಶನದಲ್ಲಿ ಸಿದ್ಧಾರ್ಥ ಬಸು ಅವರ ಕ್ವಿಜ್ ಟೈಮ್ ಬಂತು, ಕಾಲೇಜು ಹುಡುಗರು ಟಿವೀಲಿ ಉತ್ತರ ಹೇಳೋದು ನೋಡಿ ಎಷ್ಟೋ ಊರಲ್ಲಿ ಕ್ವಿಜ್ ಕ್ಲಬ್ಬು ಅನ್ನೋದು ಶುರುವಾಯ್ತು. ಕನ್ನಡದಲ್ಲಂತೂ ಡಾ. ನಾ. ಸೋಮೇಶ್ವರ ಅವರ "ಥಟ್ ಅಂತ ಹೇಳಿ" 2002ರಿಂದ ಚಂದನದಲ್ಲಿ ಬರ್ತಿದೆ, ಸಾವಿರಾರು ಕಂತು ದಾಟಿದೆ, ಮತ್ತೆ ಅಲ್ಲಿ ಸರಿ ಉತ್ತರಕ್ಕೆ ಕೊಡೋದು ಪುಸ್ತಕ. ಈ ಒಂದು ವಿಷಯಕ್ಕೆ ನನಗೆ ಆ ಕಾರ್ಯಕ್ರಮದ ಮೇಲೆ ತುಂಬಾ ಗೌರವ. ಗೆದ್ದೋರು ಕೈ ತುಂಬ ಕನ್ನಡ ಪುಸ್ತಕ ಹಿಡ್ಕೊಂಡು ಮನೆಗೆ ಹೋಗೋದು, ಆ ಪುಸ್ತಕ ಮನೇಲಿ ಇನ್ಯಾರೋ ಓದೋದು, ಇದಕ್ಕಿಂತ ಒಳ್ಳೆ ಬಹುಮಾನ ನನಗೆ ಗೊತ್ತಿಲ್ಲ.

ಆದ್ರೆ ನಮ್ ಕನ್ನಡ ಕ್ವಿಜ್‌ಗಳ ಬಗ್ಗೆ, ಅದರಲ್ಲೂ ಸ್ಕೂಲ್ ಮಟ್ಟದಲ್ಲಿ ನಡೆಯೋ ಸ್ಪರ್ಧೆಗಳ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಮೊದಲ ಇದು ಯಾವುದು, ಮೊದಲ ಅದು ಯಾರು, ಅತಿ ಉದ್ದದ್ದು ಯಾವುದು, ಯಾವ ವರ್ಷ, ಬರೀ ಇಂಥವೇ. ಇದಕ್ಕೆ ಗೊತ್ತಿದ್ರೆ ಗೊತ್ತು, ಇಲ್ಲಾಂದ್ರೆ ಇಲ್ಲ, ಮಗು ಯೋಚನೆ ಮಾಡೋಕೆ ಜಾಗನೇ ಇಲ್ಲ, ಕಾಂಪಿಟಿಟಿವ್ ಎಕ್ಸಾಮ್ ಗೈಡು ತಿರುವಿ ಹಾಕಿದ ಮಗುನೇ ಗೆಲ್ಲತ್ತೆ. ಅದೇ ವಿಷಯನ ಬೇರೆ ಥರ ಕೇಳ್ಬಹುದು. "ಮೈಸೂರು ಸ್ಯಾಂಡಲ್ ಸೋಪಿನ ಫ್ಯಾಕ್ಟರಿ ಯಾವ ವರ್ಷ ಶುರುವಾಯ್ತು?" ಅಂತ ಕೇಳಿದ್ರೆ ಬಾಯಿಪಾಠ ಮಾಡಿದ ಒಬ್ಬ ಹೇಳ್ತಾನೆ, ಉಳಿದವರು ಸುಮ್ನೆ ಕೂರ್ತಾರೆ. ಅದರ ಬದ್ಲು ಹಿಂಗೆ ಕೇಳಿ ನೋಡಿ: ಮೊದಲನೇ ಮಹಾಯುದ್ಧ ಶುರುವಾದಾಗ ಮೈಸೂರು ಸೀಮೆಯ ಒಂದು ಸರಕು ಯುರೋಪಿಗೆ ಹೋಗೋಕಾಗದೆ ಇಲ್ಲೇ ರಾಶಿ ಬಿತ್ತು, ಅದನ್ನ ಏನ್ ಮಾಡೋದು ಅಂತ ಯೋಚಿಸಿ ತಯಾರಿಸಿದ ವಸ್ತು ಇವತ್ತೂ ನಮ್ ಬಚ್ಚಲುಮನೇಲಿದೆ, ಏನದು? ಒಬ್ಬ ರೇಷ್ಮೆ ಅಂತಾನೆ, ಇನ್ನೊಬ್ಬಳು ಬಚ್ಚಲುಮನೆ ಅಂದ್ಮೇಲೆ ರೇಷ್ಮೆ ಹೆಂಗಾಗತ್ತೋ ಅಂತಾಳೆ, ಮೂರನೇವ್ರು ಗಂಧದ ಮರ ಅಂತಾರೆ, ಅಷ್ಟೊತ್ತಿಗೆ ಇಡೀ ಕ್ಲಾಸೇ "ಸೋಪು ಸೋಪು" ಅಂತ ಕೂಗತ್ತೆ. ಆಮೇಲೆ ಆ ಸೋಪಿನ ಡಬ್ಬಿ ಮೇಲಿರೋ ಪ್ರಾಣಿ ತೋರ್ಸಿ, ಆನೆ ತಲೆ ಸಿಂಹದ ಮೈ, ಅದಕ್ಕೆ ಶರಭ ಅಂತ ಹೆಸರು ಅಂತ ಹೇಳಿ, ಆ ಮಕ್ಕಳು ಇದನ್ನ ಜೀವನಪೂರ್ತಿ ಮರೆಯಲ್ಲ. ಬಾಯಿಪಾಠ ಇಲ್ದೆ ನೆನಪು ಹಿಂಗೇ ಉಳಿಯೋದು, ನನಗೆ ನೆನಪಿರೋದೆಲ್ಲ ಹೆಚ್ಚುಕಮ್ಮಿ ಹಿಂಗೇ ಉಳಿದಿರೋದು.

ನೆನಪೇ ಮುಖ್ಯ ಆಗೋ ಕ್ವಿಜ್ ಇಲ್ವೇ ಇಲ್ಲ ಅಂತಲ್ಲ. ಜೂನ್‌ನಲ್ಲಿ ವರ್ಲ್ಡ್ ಕ್ವಿಜ್ಜಿಂಗ್ ಚಾಂಪಿಯನ್‌ಶಿಪ್ ಅಂತ ನಡೆಯತ್ತೆ, 2003ರಿಂದ ಇದೆ, ಒಬ್ಬೊಬ್ಬರೇ ಕೂತು ಎರಡು ಗಂಟೇಲಿ 240 ಪ್ರಶ್ನೆಗೆ ಉತ್ತರ ಬರೀಬೇಕು, ಬೇರೆ ಬೇರೆ ದೇಶದಲ್ಲಿ ಒಂದೇ ದಿನ. ಅಲ್ಲಿ ಗೆಲ್ಲೋರ ಓದಿನ ವಿಸ್ತಾರ ನೋಡಿದ್ರೆ ಕೈ ಮುಗೀಬೇಕು ಅನ್ಸತ್ತೆ. ನನಗೆ ಮಾತ್ರ ಪಕ್ಕದಲ್ಲಿ ಗುಸುಗುಸು ಮಾತಾಡೋಕೆ ಜನ ಬೇಕು, ಎದುರಿಗೆ ಗುರಾಯಿಸೋಕೂ ಜನ ಬೇಕು.

ಗೂಗಲ್ ಇದೆಯಲ್ಲ, ಎಐ ಇದೆಯಲ್ಲ, ಇನ್ಯಾಕೆ ಇದೆಲ್ಲ ಅಂತನೂ ಕೇಳ್ತಾರೆ. ಉತ್ತರ ಬೇಕಿದ್ರೆ ಫೋನಲ್ಲಿದೆ, ಸರಿ. ಆದ್ರೆ ಕ್ವಿಜ್ ಹಾಲ್‌ನಲ್ಲಿ ಎಲ್ರ ಜೇಬಲ್ಲೂ ಫೋನ್ ಇರತ್ತೆ, ಯಾರೂ ತೆಗೆಯಲ್ಲ. ಮೊದಲ ಸುತ್ತು ಪ್ರಿಲಿಮ್ಸ್ ಬರ್ದಾದ್ಮೇಲೆ ಎಷ್ಟೋ ಕಡೆ ಉತ್ತರದ ಹಾಳೆನ ಪಕ್ಕದ ಟೀಮಿಗೆ ಕೊಡ್ಬೇಕು, ಅವ್ರು ನಮ್ಮದನ್ನ ತಿದ್ದುತಾರೆ, ನಾವು ಅವರದನ್ನ. ಫೈನಲ್ಸ್‌ಗೆ ಹೋಗೋಕೆ ಅವರಿಗೂ ನಮಗೂ ಅರ್ಧ ಪಾಯಿಂಟಿನ ಜಗಳ ಇರೋವಾಗ್ಲೂ ಎದುರು ಟೀಮಿನ ಗೆಳೆಯ, ಬ್ಯಾಂಕಲ್ಲಿ ಕೆಲಸ ಮಾಡೋನು, ನಮ್ ಹಾಳೆ ಎತ್ತಿ ಹಿಡ್ದು "ಸರ್, ಇವ್ರು ಸ್ಪೆಲಿಂಗ್ ತಪ್ಪು ಬರ್ದಿದಾರೆ, ಆದ್ರೆ ಅದೇ ಮನುಷ್ಯ, ಪಾಯಿಂಟ್ ಕೊಡ್ಬೇಕು" ಅಂತ ನಮ್ ಪರವಾಗಿ ಕ್ವಿಜ್ ಮಾಸ್ಟರ್ ಹತ್ರ ವಾದ ಮಾಡಿದಾನೆ. ಮುಂದಿನ ಸಲ ನಾನು ಅವನಿಗೆ ಅದೇ ಮಾಡಿದೀನಿ. ಇವನನ್ನ ಸೋಲಿಸ್ಬೇಕು ಅಂತ ವಾರಪೂರ್ತಿ ಕಾಯ್ತೀನಿ, ಅವನು ಬರಲ್ಲ ಅಂದ್ರೆ ನನಗೂ ಹೋಗೋಕೆ ಮನಸ್ಸಿರಲ್ಲ. ಆಟ ಮುಗಿದ್ಮೇಲೆ ಹೊರಗೆ ಕಾಫಿ ಕುಡೀತಾ ಇಬ್ರೂ ಮಾತಾಡೋದು ಸ್ಕೋರ್ ಬಗ್ಗೆ ಅಲ್ಲ, "ಲೋ, ಆ ಗಣಿ ನಿಂಗ್ ಹೆಂಗೋ ಹೊಳೀತು?" ಅಂತ.

ಹಂಗಾಗಿ ಹುಡುಗನಿಗೆ ಪುಸ್ತಕ ಹೇಳಿ ಅನ್ನೋರಿಗೆ ನಾನು ಹೇಳೋದು, ಮೊದಲು ಅವನಿಗೊಂದು ಎದುರು ಟೀಮ್ ಹುಡುಕಿ. ಅಪಾರ್ಟ್‌ಮೆಂಟಿನಲ್ಲೋ ಲೈಬ್ರರೀಲೋ ಮೂರು ಮೂರು ಮಕ್ಕಳ ನಾಲ್ಕು ಟೀಮ್ ಮಾಡಿ, ಪ್ರಶ್ನೆಗಳನ್ನ ಮಕ್ಕಳೇ ಸರದಿ ಪ್ರಕಾರ ತರಲಿ, ಸುತ್ತಮುತ್ತ ಇರೋದ್ರಿಂದಲೇ ತರಲಿ. ಓಟು ಹಾಕಿದಾಗ ಬೆರಳಿಗೆ ಹಚ್ಚೋ ಶಾಯಿ ಎಲ್ಲಿಂದ ಬರತ್ತೆ ಅಂತ ಒಬ್ಳು ಹುಡುಕಿದ್ರೆ ಮೈಸೂರಿನ ಪೇಂಟ್ ಕಾರ್ಖಾನೆ ಸಿಗತ್ತೆ, ಅದನ್ನ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಅರಗಿನ ಕೆಲಸಕ್ಕೆ ಅಂತ ಶುರು ಮಾಡಿದ್ದು ಅಂತ ಗೊತ್ತಾಗತ್ತೆ, ಅದನ್ನ ಉಳಿದವರು ಯೋಚಿಸಿ ಕಂಡುಹಿಡಿಯೋ ಹಾಗೆ ಹೆಂಗೆ ಕೇಳೋದು ಅಂತ ಅವಳು ತಲೆ ಕೆಡಿಸ್ಕೊಳ್ತಾಳೆ. ಪ್ರಶ್ನೆ ಮಾಡೋದು ಉತ್ತರ ಹೇಳೋದಕ್ಕಿಂತ ಕಷ್ಟ, ಕಲಿಯೋದೂ ಅಲ್ಲೇ ಜಾಸ್ತಿ. ಮತ್ತೆ ಮರೀದೆ, ಹಾಳೆ ತಿದ್ದೋಕೆ ದೊಡ್ಡೋರು ಕೂರ್ಬೇಡಿ, ಪಕ್ಕದ ಟೀಮಿನ ಮಕ್ಕಳಿಗೇ ಕೊಡಿ.