ತಬ್ಬಲಿ ಮರಿಗೆ ಇವರು ‘ಪೆಟ್’ ಅಂತಾರೆ

ಈ ಊರಿಗೆ ಬಂದ ಮೊದಲ ವಾರ. ಅಂಗಡಿಯಲ್ಲಿ ಹಾಲು, ಬ್ರೆಡ್ ತಗೊಂಡೆ. ಕೌಂಟರಿನಲ್ಲಿದ್ದ ಹೆಂಗಸು ಚಿಲ್ಲರೆ ಕೈಗಿಟ್ಟು ‘ಥ್ಯಾಂಕ್ಯೂ, ಪೆಟ್’ ಅಂದರು. ಪೆಟ್ ಅಂದರೆ ಸಾಕಿದ ನಾಯಿ, ಬೆಕ್ಕು ಅಂತ ಶಾಲೆಯಲ್ಲಿ ಓದಿದವಳು ನಾನು. ನನಗೆ ಯಾಕೆ ಹಾಗಂದರು ಅಂತ ಮನೆ ಸೇರುವವರೆಗೂ ಅದೇ ಯೋಚನೆ, ಮನಸ್ಸಿಗೆ ಚುಚ್ಚಿದ ಹಾಗೂ ಆಯ್ತು. ಮಾರನೇ ದಿನ ಬಸ್ ಡ್ರೈವರ್ ಕೂಡ ಹಾಗೇ ಅಂದ. ಆಮೇಲೆ ಒಂದು ರಾತ್ರಿ, ನಾನು ಕೆಲಸ ಮಾಡುವ ವೃದ್ಧಾಶ್ರಮದಲ್ಲಿ 90 ದಾಟಿದ ಅಜ್ಜಿಯೊಬ್ಬರಿಗೆ ಹೊದಿಕೆ ಸರಿಮಾಡುತ್ತಿದ್ದಾಗ, ಅವರು ನನ್ನ ಬೆರಳು ಹಿಡಿದುಕೊಂಡು ‘ಕೈ ಎಷ್ಟು ತಣ್ಣಗಿದೆ, ಪೆಟ್’ ಅಂದರು. ಆವತ್ತು ಅರ್ಥವಾಯ್ತು. ನಾವು ‘ಕಂದಾ’, ‘ಪುಟ್ಟಾ’, ‘ನಮ್ಮವ್ವಾ’ ಅನ್ನುವ ಕಡೆ ಇವರು ಪೆಟ್ ಅನ್ನುತ್ತಾರೆ.

ನಾನಿರುವುದು ಇಂಗ್ಲೆಂಡಿನ ಉತ್ತರದ ತುದಿ, ನಾರ್ಥಂಬರ್‌ಲ್ಯಾಂಡ್. ಊರ ಹೆಸರು ಬರೆಯೋದು ಆಲ್ನ್‌ವಿಕ್, ಕರೆಯೋದು ಆನಿಕ್. ಸ್ಕಾಟ್ಲೆಂಡ್ ಗಡಿ ದೂರವಿಲ್ಲ. ಗಡಿ ದಾಟಿ ಗ್ಲಾಸ್ಗೋ ಕಡೆ ಹೋದರೆ ಹೆಂಗಸರನ್ನು ‘ಹೆನ್’ ಅಂತಾರೆ, ಕೆಳಗೆ ಡರ್ಬಿ ಕಡೆ ‘ಡಕ್’ ಅಂತಾರೆ. ಎಲ್ಲ ಪ್ರೀತಿಯಿಂದಲೇ.

ಪೆಟ್ ಅನ್ನುವ ಪದ ಹುಟ್ಟಿದ್ದೇ ಈ ಸೀಮೆಯಲ್ಲಿ, ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ಆಡುಮಾತಿನಲ್ಲಿ. 16ನೇ ಶತಮಾನದಿಂದ ಇದೆ. ತಾಯಿ ಬಿಟ್ಟ ಕುರಿಮರಿಗೆ ಮನುಷ್ಯರು ಹಾಲು ಕುಡಿಸಿ ಬೆಳೆಸಿದರೆ ಅದು ಪೆಟ್. ಮುದ್ದಿನಿಂದ ಬೆಳೆಸಿದ ಮಗುವೂ ಪೆಟ್. ನಾಯಿ ಬೆಕ್ಕುಗಳಿಗೆ ಅಂಟಿದ್ದು, ಇಡೀ ಇಂಗ್ಲಿಷಿಗೆ ಹಬ್ಬಿದ್ದು ಆಮೇಲೆ. ಇಲ್ಲಿನ ರೈತರ ಮನೆಗಳಲ್ಲಿ ಇವತ್ತಿಗೂ ಅಂಥ ಮರಿಗೆ ‘ಪೆಟ್ ಲ್ಯಾಂಬ್’ ಅಂತಲೇ ಹೆಸರು.

ಈ ಮಾತು ನನಗೆ ಗೊತ್ತಾಗಿದ್ದು ಜೊತೆಗೆ ಕೆಲಸ ಮಾಡುವ ಗೆಳತಿಯ ಮನೆಯಲ್ಲಿ. ಅವರದು ಕುರಿ ಸಾಕಣೆ. ಏಪ್ರಿಲ್‌ನಲ್ಲಿ ಮರಿ ಹಾಕುವ ಕಾಲ, ರಾತ್ರಿ ಹಗಲು ಯಾರಿಗೂ ನಿದ್ದೆ ಇಲ್ಲ, ಒಂದು ಭಾನುವಾರ ನಾನೂ ಹೋಗಿದ್ದೆ. ಕೊಟ್ಟಿಗೆಯ ಮೂಲೆಯಲ್ಲಿ ಹುಲ್ಲು ಹಾಸಿ ಕೆಂಪು ದೀಪ ಇಳಿಬಿಟ್ಟಿದ್ದರು, ಬಿಸಿಗೆ ಅಂತ. ಅದರ ಕೆಳಗೆ ನಾಲ್ಕು ಮರಿ. ಗೆಳತಿಯ ಅಮ್ಮ ಬಕೆಟ್ಟಿನಲ್ಲಿ ಹಾಲಿನ ಪುಡಿ ಕಲಸಿ, ಬಾಟಲಿಗೆ ತುಂಬಿ, ರಬ್ಬರ್ ತೊಟ್ಟು ಸಿಕ್ಕಿಸಿ ನನ್ನ ಕೈಗೆ ಕೊಟ್ಟರು. ಎಲ್ಲಕ್ಕಿಂತ ಸಣ್ಣದು ನನ್ನ ಮಂಡಿಗೆ ಮುಂಗಾಲು ಕೊಟ್ಟು ನಿಂತು ಬಾಯಿ ಹಾಕಿತು. ಎಂಥ ಜೋರು ಎಳೆತ! ಬಾಲ ಒಂದೇ ಸಮನೆ ಅಲ್ಲಾಡುತ್ತಿತ್ತು. ಹಾಲು ಮುಗಿದ ಮೇಲೂ ಬಾಟಲಿಗೆ ಹಣೆಯಿಂದ ಗುದ್ದಿತು. ತಾಯಿ ಕೆಚ್ಚಲಿಗೆ ಗುದ್ದುವುದು ಹಾಗೇ ಅಲ್ವಾ?

ನನಗೆ ಗಂಟಲು ಕಟ್ಟಿತು. ನಮ್ಮದು ಸಿರಾ ಕಡೆಯ ಹಳ್ಳಿ. ಅಜ್ಜನ ಕಾಲದಲ್ಲಿ ಕುರಿಹಟ್ಟಿ ಇತ್ತು. ತಾಯಿ ಸತ್ತ ಮರಿಯನ್ನು ಅಜ್ಜಿ ಮಡಿಲಿಗೆ ಹಾಕಿಕೊಂಡು ಮೇಕೆ ಹತ್ತಿರ ಒಯ್ದು ಕುಡಿಸುತ್ತಿದ್ದರು. ಅದನ್ನು ನಾವು ‘ತಬ್ಬಲಿ ಮರಿ’ ಅಂತಿದ್ದೆವು. ಅದೇ ಮರಿ, ಅದೇ ಹಸಿವು. ನಮ್ಮ ಪದ ಅದು ಕಳೆದುಕೊಂಡಿದ್ದನ್ನು ಹೇಳುತ್ತದೆ. ಇವರ ಪದ ಅದಕ್ಕೆ ಸಿಕ್ಕಿದ್ದನ್ನು ಹೇಳುತ್ತದೆ. ಎರಡೂ ನನಗೆ ಬೇಕು, ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸು ಅಂದರೆ ಆಗಲ್ಲ.

ಅವತ್ತಿನಿಂದ ಇವರು ಪ್ರಾಣಿಗಳಿಗೆ ಬಳಸುವ ಪದಗಳನ್ನೆಲ್ಲ ಕಿವಿಗೊಟ್ಟು ಕೇಳುತ್ತೇನೆ. ‘ಅನಿಮಲ್’ ಪದವನ್ನೇ ತಗೊಳ್ಳಿ. ಲ್ಯಾಟಿನ್ನಿನ ‘ಅನಿಮಾ’ದಿಂದ ಬಂದದ್ದು, ಅನಿಮಾ ಅಂದರೆ ಉಸಿರು, ಜೀವ. ನಮ್ಮ ‘ಪ್ರಾಣಿ’ಯೂ ಅದೇ, ಪ್ರಾಣ ಇರುವುದು. ಜಾನುವಾರು ಅಂತೀವಲ್ಲ, ಅದು ಪಾರಸಿಯಿಂದ ಬಂದ ಪದ, ಅಲ್ಲೂ ‘ಜಾನ್’ ಅಂದರೆ ಜೀವ. ಒಂದಕ್ಕೊಂದು ಅಷ್ಟು ದೂರದ ಜನ, ಒಂದೇ ಉಸಿರನ್ನು ನೋಡಿ ಹೆಸರಿಟ್ಟಿದ್ದಾರೆ. ಇದು ಗೊತ್ತಾದ ದಿನ ನನಗಾದ ಖುಷಿ ಹೇಳತೀರದು.

ಆದರೆ ಬಳಕೆ ಬೇರೆ ಬೇರೆ ದಾರಿ ಹಿಡಿದಿದೆ. ಕನ್ನಡದಲ್ಲಿ ‘ಪಾಪದ ಪ್ರಾಣಿ’ ಅಂದರೆ ಬಹಳ ಸಲ ಮನುಷ್ಯನೇ. ಬೀದಿಯಲ್ಲಿ ಒಂದು ನರಪ್ರಾಣಿಯೂ ಇರಲಿಲ್ಲ ಅಂತೀವಿ. ನಾವೂ ಅದರೊಳಗೇ ಇದ್ದೇವೆ. ಇಂಗ್ಲಿಷಿನಲ್ಲಿ ಮನುಷ್ಯನನ್ನು ಅನಿಮಲ್ ಅಂದರೆ ಹೆಚ್ಚಾಗಿ ಬೈಗುಳ, ಕ್ರೂರಿ ಅಂತ. ಆ ಜಾಗಕ್ಕೆ ನಾವು ‘ಮೃಗ’ ಇಟ್ಟುಕೊಂಡಿದ್ದೇವೆ. ಇಲ್ಲಿನ ಕಾನೂನು ಕೂಡ ಗೆರೆ ಎಳೆದೇ ಶುರುವಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2006ರ ಪ್ರಾಣಿ ಕಲ್ಯಾಣ ಕಾಯ್ದೆಯಲ್ಲಿ ಅನಿಮಲ್ ಅಂದರೆ ಮನುಷ್ಯನನ್ನು ಬಿಟ್ಟು ಬೆನ್ನೆಲುಬಿರುವ ಜೀವಿ. ಪ್ರಾಣಿಗಳಿಗೂ ನೋವು ನಲಿವು ತಿಳಿಯುತ್ತದೆ ಎಂದು ಒಪ್ಪಿಕೊಂಡ 2022ರ ಕಾಯ್ದೆ ಬಂದಾಗ ಏಡಿ, ಸಿಗಡಿ, ಆಕ್ಟೋಪಸ್ ಕೂಡ ಅದರ ಲೆಕ್ಕಕ್ಕೆ ಸೇರಿದವು. ನಮ್ಮ ದೇಶದ 1960ರ ಕಾಯ್ದೆ ನೋಡಿದೆ. ಅದರಲ್ಲಿ ಮನುಷ್ಯನನ್ನು ಬಿಟ್ಟು ಜೀವ ಇರುವ ಎಲ್ಲವೂ ಪ್ರಾಣಿಯೇ. ಬೆನ್ನೆಲುಬಿನ ಮಾತೇ ಇಲ್ಲ. ಓದಿ ಹೆಮ್ಮೆಯಾಯ್ತು. ಅಷ್ಟು ದೊಡ್ಡ ಮಾತು ಪುಸ್ತಕದಲ್ಲೇ ಉಳಿದು, ನಮ್ಮೂರ ಸಂತೆಯಲ್ಲಿ ಕುರಿಗಳನ್ನು ಗಾಡಿಗೆ ತುಂಬುವ ರೀತಿ ನೆನಪಾಗಿ ಬೇಸರವೂ ಆಯ್ತು.

ಇನ್ನು ‘ಡಿಯರ್’, ಅಂದರೆ ಜಿಂಕೆ. ಹಳೆಯ ಇಂಗ್ಲಿಷಿನಲ್ಲಿ ಇದು ಯಾವ ಪ್ರಾಣಿಗಾದರೂ ಸಲ್ಲುತ್ತಿತ್ತಂತೆ, ಜರ್ಮನ್ನರು ಈಗಲೂ ಪ್ರಾಣಿಗೆ ‘ಟೀರ್’ ಅಂತಾರೆ, ಅದರದ್ದೇ ಅಕ್ಕತಂಗಿ. ಬರಬರುತ್ತಾ ಇಂಗ್ಲಿಷಿನಲ್ಲಿ ಜಿಂಕೆಗೆ ಮಾತ್ರ ಉಳಿಯಿತು. ನಮ್ಮ ‘ಮೃಗ’ಕ್ಕೂ ಈ ಎರಡು ಅರ್ಥ ಉಂಟು. ಮೃಗಾಲಯದಲ್ಲಿ ಎಲ್ಲ ಪ್ರಾಣಿ, ಮೃಗಶಿರದಲ್ಲಿ ಮತ್ತು ಕಸ್ತೂರಿಮೃಗದಲ್ಲಿ ಜಿಂಕೆ.

ಪಕ್ಕದ ಮನೆಯ ತಾತನಿಗೆ ಒಂದು ಮುದಿ ನಾಯಿ ಇತ್ತು. ನಾನು ಒಮ್ಮೆ ಅದರ ಕಾಲು ನೋವಿನ ಬಗ್ಗೆ ವಿಚಾರಿಸುವಾಗ ‘ಇಟ್’ ಅಂದುಬಿಟ್ಟೆ. ಕನ್ನಡದಲ್ಲಿ ನಾಯಿಯೂ ಅದು, ಹಸುವೂ ಅದು, ಎದೆಗವಚಿಕೊಂಡ ನಮ್ಮ ಮಗುವೂ ಅದು. ‘ಮಗು ಅಳ್ತಾ ಇದೆ’ ಅಂದರೆ ಪ್ರೀತಿ ಕಮ್ಮಿಯಾಯ್ತಾ? ತಾತ ಮೆಲ್ಲಗೆ ‘ಹೀ’ ಅಂತ ತಿದ್ದಿದರು. ಕೋಪ ಇರಲಿಲ್ಲ, ಆದರೆ ಮುಖ ಸಣ್ಣದಾಗಿತ್ತು. ನಾನು ಅವರಿಗೆ ಮಗುವಿನ ವಿಷಯ ವಿವರಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ನಾಯಿಯ ಕಿವಿ ಸವರುತ್ತಾ, ‘ಹಾಗಾದರೆ ನಿಮ್ಮಲ್ಲಿ ಇವನೂ ಮಗುವೂ ಒಟ್ಟಿಗೆ’ ಅಂದರು. ಹೌದು ಅಂದೆ. ಆಮೇಲೆ ನಾನು ಒಂದು ಸಲವೂ ಅವನನ್ನು ಇಟ್ ಅಂದಿಲ್ಲ.

ಹೆಸರೇ ಇಲ್ಲದ ಪ್ರಾಣಿಗಳೂ ಇಲ್ಲಿವೆ. ಆನಿಕ್‌ನಿಂದ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಚಿಲಿಂಗ್‌ಹ್ಯಾಮ್. ಅಲ್ಲೊಂದು ಹಳೇ ಗೋಡೆಯೊಳಗಿನ ಕಾಡಿನಲ್ಲಿ ಬಿಳಿ ದನಗಳ ಹಿಂಡು ಇದೆ. ಮೈ ಬಿಳಿ, ಕಿವಿಯಲ್ಲಿ ಕೆಂಪು. ನೂರಾರು ವರ್ಷದಿಂದ ಯಾರೂ ಹಾಲು ಕರೆದಿಲ್ಲ, ಹೂಡಿಲ್ಲ, ಹೊರಗಿನ ಹೋರಿ ಬಿಟ್ಟಿಲ್ಲ. 1947ರ ಚಳಿಗಾಲದ ಹಿಮಕ್ಕೆ ಹಿಂಡು ಸೊರಗಿ ಹೋಗಿ 8 ಹಸು, 5 ಹೋರಿ ಮಾತ್ರ ಉಳಿದವಂತೆ. ಈಗ ಮತ್ತೆ ನೂರು ದಾಟಿವೆ. ಇವುಗಳಿಗೆ ‘ವೈಲ್ಡ್ ಕ್ಯಾಟಲ್’ ಅಂತಾರೆ. ಕ್ಯಾಟಲ್ ಪದ ‘ಕ್ಯಾಪಿಟಲ್’ನ ಬಳಗದ್ದು, ಮೂಲದಲ್ಲಿ ಆಸ್ತಿ, ಬಂಡವಾಳ ಅಂತ ಅರ್ಥ. ನಮ್ಮಲ್ಲೂ ‘ದನ’ ಬಂದದ್ದು ‘ಧನ’ದಿಂದ ಅಂತ ಹಿರಿಯರು ಹೇಳುತ್ತಾರೆ. ಬೇಲಿಯಾಚೆ ನಿಂತು ನೋಡಿದೆ. ಒಂದು ಹೋರಿ ತಲೆಯೆತ್ತಿ ನಮ್ಮ ಕಡೆ ನೋಡಿ, ಮತ್ತೆ ಮೇಯಲು ಬಗ್ಗಿತು. ಆಸ್ತಿ ಅನ್ನುವ ಪದ ಅದರ ಹತ್ತಿರವೂ ಸುಳಿಯುವಂತಿರಲಿಲ್ಲ.

ಅಪ್ಪ ಪ್ರತಿ ವಾರ ವಿಡಿಯೋ ಕಾಲ್‌ನಲ್ಲಿ ಇದನ್ನೆಲ್ಲ ಕೇಳುತ್ತಾರೆ. ಕುರಿಯ ಪದಗಳೆಂದರೆ ಅವರಿಗೆ ಬಲು ಇಷ್ಟ. ಇಲ್ಲಿನವರು ಟಗರಿಗೆ ‘ಟಪ್’ ಅಂತಾರೆ, ಹಾಲು ಬಿಟ್ಟು ಇನ್ನೂ ಮೊದಲ ಸಲ ಉಣ್ಣೆ ಕತ್ತರಿಸದ ಮರಿಗೆ ‘ಹಾಗ್’, ಅದು ಹೆಣ್ಣಾದರೆ ‘ಗಿಮ್ಮರ್ ಹಾಗ್’ ಅಂದೆ. ಅಪ್ಪ ಒಂದೊಂದನ್ನೂ ಎರಡೆರಡು ಸಲ ಹೇಳಿಸಿಕೊಂಡು, ‘ಹಸುವಲ್ಲಿ ಕಡಸು ಅಂತೀವಲ್ಲ, ಆ ಥರ ಅನ್ನು’ ಅಂದರು.

ಮೊನ್ನೆ ಅವರು ಕೇಳಿದ್ದು ಒಂದೇ. ‘ಆ ತಬ್ಬಲಿ ಮರಿ ಏನಾಯ್ತಮ್ಮಾ?’

ಹೆಣ್ಣಾಗಿದ್ದರಿಂದ ಮಾರಲಿಲ್ಲ, ಮಂದೆಗೆ ಇಟ್ಟುಕೊಂಡರು ಅಂತ ಹೇಳಿದೆ. ಬೆನ್ನ ಮೇಲೆ ನೀಲಿ ಗುರುತು ಹಾಕಿದ್ದಾರೆ, ದೂರದಿಂದ ನೋಡಿದರೆ ಉಳಿದವುಗಳ ಜೊತೆ ಗೊತ್ತೇ ಆಗಲ್ಲ. ಆದರೆ ಗೇಟಿನ ಹತ್ತಿರ ಬಕೆಟ್ ಸದ್ದಾದರೆ ಸಾಕು, ಇಡೀ ಮಂದೆ ಹಿಂದೆ ಸರಿದರೂ ಅವಳೊಬ್ಬಳು ಓಡಿ ಬರುತ್ತಾಳೆ.