ಶಾರ್ಟ್ ಮಾಡಿಯೇ ಒಪ್ಪಿಸಬೇಕಿದ್ದ ಪವರ್ ಸಪ್ಲೈ

ನಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ 12 ವೋಲ್ಟ್, 1 ಆಂಪಿಯರ್‌ನ ರೆಗ್ಯುಲೇಟೆಡ್ ಡಿಸಿ ಪವರ್ ಸಪ್ಲೈಯೊಂದನ್ನು ಪ್ರತಿ ವಿದ್ಯಾರ್ಥಿಯೂ ಕಟ್ಟಿ ಒಪ್ಪಿಸಬೇಕಿತ್ತು. ಒಪ್ಪಿಸುವುದೆಂದರೆ ಮೇಷ್ಟ್ರು ಔಟ್‌ಪುಟ್‌ನ ಎರಡು ಟರ್ಮಿನಲ್‌ಗಳಿಗೆ ಆಮ್ಮೀಟರನ್ನು ನೇರವಾಗಿ ಅಡ್ಡ ಜೋಡಿಸಿ, ಅಂದರೆ ಬೇಕೆಂದೇ ಶಾರ್ಟ್ ಮಾಡಿ, ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡುತ್ತಾ ಕೂರುವುದು. 7812 ಎಂಬ ಸಿದ್ಧ ರೆಗ್ಯುಲೇಟರ್ ಐಸಿ ಹಾಕಿದ್ದರೆ ಕರೆಂಟ್ ಮಿತಿಯೂ ಶಾಖದಿಂದ ರಕ್ಷಣೆಯೂ ಅದರೊಳಗೇ ಸಿಗುತ್ತಿದ್ದವು. ಆದರೆ ಒಳಗೇನು ನಡೆಯುತ್ತದೆಂದು ತಿಳಿಯಲೆಂದೇ ಅವರು ವೋಲ್ಟೇಜನ್ನು ನಿಯಂತ್ರಿಸುವ 723 ಐಸಿಯನ್ನೂ ಕರೆಂಟ್ ಹೊರುವ 2ಎನ್3055 ಟ್ರಾನ್ಸಿಸ್ಟರನ್ನೂ ಬಳಸಬೇಕೆಂದು ಕಟ್ಟುಮಾಡಿದ್ದರು.

ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯೇ ಗತಿ. ಅಲ್ಲಿನ ಕಿರಿದಾದ ಅಂಗಡಿಗಳಲ್ಲಿ ಟ್ರಾನ್ಸ್‌ಫಾರ್ಮರು, ಟ್ರಾನ್ಸಿಸ್ಟರಿನ ಶಾಖವನ್ನು ಹೊರಹಾಕುವ ಹೀಟ್ ಸಿಂಕ್ ಎಲ್ಲವೂ ಸಿಗುತ್ತಿದ್ದವು. ಶಾಖವನ್ನು ಬಿಟ್ಟು ವಿದ್ಯುತ್ತನ್ನು ತಡೆಯುವ ಮೈಕಾ ವಾಷರನ್ನು ಮಾತ್ರ ನಾವೇ ನೆನಪಿಟ್ಟು ಕೇಳಬೇಕಿತ್ತು. 2ಎನ್3055ರ ಲೋಹದ ಕವಚವೇ ಅದರ ಕಲೆಕ್ಟರ್ ಆದ್ದರಿಂದ, ಮೈಕಾದ ಎರಡೂ ಬದಿಗೆ ಬಿಳಿಯ ಪೇಸ್ಟ್ ಸವರಿ ಸ್ಕ್ರೂ ಬಿಗಿದ ಮೇಲೆ, ಕವಚಕ್ಕೂ ಹೀಟ್ ಸಿಂಕಿಗೂ ಸಂಪರ್ಕವಿಲ್ಲವೆಂದು ಮಲ್ಟಿಮೀಟರಿನಲ್ಲಿ ತೋರಿಸದೆ ಪ್ಲಗ್ ಹಾಕುವಂತಿರಲಿಲ್ಲ.

ಕರೆಂಟ್ ಮಿತಿಯ ಲೆಕ್ಕ ಒಂದೇ ಸಾಲಿನದು. ಔಟ್‌ಪುಟ್‌ನ ಹಾದಿಯಲ್ಲಿಟ್ಟ ಸಣ್ಣ ರೆಸಿಸ್ಟರಿನ ಮೇಲೆ ಸುಮಾರು 0.65 ವೋಲ್ಟ್ ಬಿದ್ದೊಡನೆ 723ರೊಳಗಿನ ಒಂದು ಟ್ರಾನ್ಸಿಸ್ಟರ್ ಎಚ್ಚೆತ್ತು, ಪಾಸ್ ಟ್ರಾನ್ಸಿಸ್ಟರಿಗೆ (ನಮ್ಮ 2ಎನ್3055ಕ್ಕೆ) ಹೋಗುವ ಬೇಸ್ ಕರೆಂಟನ್ನು ಕಸಿದುಕೊಳ್ಳುತ್ತದೆ, 0.68 ಓಮ್ ಹಾಕಿದರೆ ಮಿತಿ 1 ಆಂಪಿಯರ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. ಶಾಖ ಏರಿದಂತೆ ಆ 0.65 ವೋಲ್ಟ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್‌ನಂತೆ ಇಳಿಯುವುದರಿಂದ, ಆಮ್ಮೀಟರಿನ ಮುಳ್ಳೂ ನಿಧಾನವಾಗಿ ಕೆಳಗೆ ಸರಿಯುವುದು ಕಣ್ಣಿಗೇ ಕಾಣುತ್ತಿತ್ತು.

ನಿಜವಾದ ಪಾಠವಿದ್ದುದು ಶಾಖದಲ್ಲಿ. 15 ವೋಲ್ಟಿನ ಟ್ರಾನ್ಸ್‌ಫಾರ್ಮರಿನಿಂದ, ಎಸಿಯನ್ನು ಡಿಸಿಯಾಗಿಸುವ ಡಯೋಡ್ ಬ್ರಿಡ್ಜ್ ದಾಟಿ, ಅಲೆಯ ತುದಿಯವರೆಗೂ ತುಂಬಿಕೊಳ್ಳುವ ಕೆಪಾಸಿಟರಿಗೆ ಬರುವುದು ಹೆಚ್ಚುಕಡಿಮೆ 19 ವೋಲ್ಟ್. ಪೂರ್ಣ ಲೋಡಿನಲ್ಲಿ 12 ವೋಲ್ಟ್ ಹೋಗಿ ಉಳಿದುದನ್ನು ಹೊರುವ ಟ್ರಾನ್ಸಿಸ್ಟರ್ ಆರೇಳು ವ್ಯಾಟ್ ಸುಡುತ್ತದೆ. ಔಟ್‌ಪುಟ್ ಶಾರ್ಟ್ ಆದಾಗ ಅದೇ 1 ಆಂಪಿಯರಿಗೆ ಸುಮಾರು 18 ವ್ಯಾಟ್. ಡೇಟಾಶೀಟಿನ 115 ವ್ಯಾಟ್ ನೋಡಿ ನಾವೆಲ್ಲ ನಿಶ್ಚಿಂತರಾಗಿದ್ದೆವು. ಕವಚ 25 ಡಿಗ್ರಿಯಲ್ಲೇ ಇದ್ದರೆ ಮಾತ್ರ ಆ ಅಂಕಿ ಸಲ್ಲುತ್ತದೆಂಬುದನ್ನು ಮೇಷ್ಟ್ರು ಗ್ರಾಫ್ ಬಿಡಿಸಿ ತೋರಿಸಿದರು.

ಶಾರ್ಟ್ ಆದಾಗ ಕರೆಂಟನ್ನೇ ತಗ್ಗಿಸುವ ಫೋಲ್ಡ್‌ಬ್ಯಾಕ್ ಬಳಸಬಹುದಲ್ಲವೇ ಎಂದು ಗೆಳೆಯರೊಬ್ಬರು ಕೇಳಿದ್ದರು. ಅದರಿಂದ ಶಾಖವೇನೋ ಇಳಿಯುತ್ತದೆ. ಆದರೆ ತಣ್ಣಗಿರುವಾಗ ಬಲ್ಬಿನ ಫಿಲಮೆಂಟಿಗೆ ರೆಸಿಸ್ಟೆನ್ಸ್ ತೀರಾ ಕಡಿಮೆ ಇರುವುದರಿಂದ ಅಂಥ ಸಪ್ಲೈ ಅದನ್ನೇ ಶಾರ್ಟ್ ಎಂದು ಬಗೆದು ಮೇಲೇಳದೆ ಉಳಿಯಬಹುದು. ಹೀಟ್ ಸಿಂಕ್ ದೊಡ್ಡದಾದರೂ ಸರಿ, ಪ್ರಯೋಗಾಲಯಕ್ಕೆ ಸ್ಥಿರ ಮಿತಿಯೇ ಇರಲಿ ಎಂಬುದು ಮೇಷ್ಟ್ರ ತೀರ್ಮಾನವಾಗಿತ್ತು. ಇಂದು ನನ್ನದೂ ಅದೇ.